ಇಮ್ಯಾಕ್ಸ್‌ನಲ್ಲಿ ಕರ್ಸರ್ ಕೆಳಗೆ ಬಂದ ಕೂಡಲೇ ಪುಟ ಹಾರುತ್ತದೆ, ಏನು ಮಾಡಲಿ?

ಪ್ರಶ್ನೆ: ಸರ್, ನಾನು ಸೋಮವಾರಪೇಟೆ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್ (ಲೆಕ್ಕಪತ್ರ ಬರೆಯುವವ). ಹಳೇ ಮಳೆ ಪುಸ್ತಕಗಳನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡುವ ಎಡಿಟರ್ ಆದ ಇಮ್ಯಾಕ್ಸ್‌ಗೆ ಹತ್ತಿಸುತ್ತಿದ್ದೇನೆ. ದಿನಕ್ಕೊಂದು ಸಾಲು. ತಾರೀಕು ಮೊದಲೇ ಹಾಕಿಟ್ಟಿದ್ದೇನೆ, ಎಷ್ಟು ಇಂಚು ಎಷ್ಟು ಸೆಂಟು ಅಂತ ತುಂಬಿದರೆ ಆಯ್ತು. ಆದರೆ ಬಾಣದ ಕೀ ಒತ್ತುತ್ತಾ ಕೊನೆಯ ಸಾಲು ದಾಟಿದರೆ ಸಾಕು, ಅರ್ಧ ಸ್ಕ್ರೀನ್ ಮೇಲಕ್ಕೆ ಹಾರಿ ಕರ್ಸರ್ ನಡುವೆ ಬಂದು ಕೂರುತ್ತದೆ. ಪುಸ್ತಕ ನೋಡಿ ತಲೆ ಎತ್ತುವಷ್ಟರಲ್ಲಿ ಸಾಲು ತಪ್ಪಿರುತ್ತದೆ. ಮೊನ್ನೆ ಜುಲೈ 14ರ ಮಳೆ 15ಕ್ಕೆ ಹೋಗಿ, ಅಲ್ಲಿಂದ ತಿಂಗಳ ಕೊನೆವರೆಗೂ ಒಂದೊಂದು ದಿನ ಜಾರಿತ್ತು!

ಉತ್ತರ: ಇದು ಕೆಟ್ಟಿದ್ದಲ್ಲ, ಇಮ್ಯಾಕ್ಸ್ ಇರುವುದೇ ಹಾಗೆ. ಕರ್ಸರ್ ಕಾಣದ ಜಾಗಕ್ಕೆ ಹೋದರೆ ಅದನ್ನು ಎಳೆದು ನಡುವೆ ಕೂರಿಸುತ್ತದೆ. ಆಲ್ಟ್ ಹಿಡಿದು ಎಕ್ಸ್ ಒತ್ತಿ, ಕಸ್ಟಮೈಜ್-ವೇರಿಯಬಲ್ ಅಂತ ಕೊಟ್ಟು ಎಂಟರ್ ಹೊಡೆಯಿರಿ. ಹೆಸರು ಕೇಳುತ್ತದೆ, ಸ್ಕ್ರೋಲ್-ಕನ್ಸರ್ವೇಟಿವ್ಲಿ ಅನ್ನಿ (ಎಲ್ಲಾ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು). ಅಲ್ಲಿರುವ 0 ತೆಗೆದು 101 ಹಾಕಿ, ಅಪ್ಲೈ ಅಂಡ್ ಸೇವ್ ಒತ್ತಿ. 100ಕ್ಕಿಂತ ಜಾಸ್ತಿ ಇದ್ದರೆ ನಡುವೆ ಎಳೆಯುವ ಚಾಳಿ ಪೂರ್ತಿ ನಿಲ್ಲುತ್ತದೆ, ಒಂದೊಂದೇ ಸಾಲು ಸರಿಯುತ್ತದೆ.

ಹಾಗೇ ಸ್ಕ್ರೋಲ್-ಮಾರ್ಜಿನ್ 3 ಮಾಡಿ. ಮುಂದಿನ ಮೂರು ತಾರೀಕು ಯಾವಾಗಲೂ ಕಣ್ಣಿಗೆ ಬೀಳುತ್ತಿರುತ್ತವೆ. ಗ್ಲೋಬಲ್-ಎಚ್‌ಎಲ್-ಲೈನ್-ಮೋಡ್ ಕೂಡ ಹಾಕಿಕೊಳ್ಳಿ, ಕರ್ಸರ್ ಇರುವ ಸಾಲಿಗೆ ಬಣ್ಣ ಬರುತ್ತದೆ. ನಿಮ್ಮ ಕೆಲಸಕ್ಕೆ ನಿಜವಾಗಿ ಬೇಕಾದದ್ದು ಅದೇ ಅಂತ ನನಗನ್ನಿಸುತ್ತದೆ, ಯಾಕಂದ್ರೆ ಕರ್ಸರ್ ಹತ್ತು ಸಲ ಮಿನುಗಿ ಸುಮ್ನೆ ನಿಂತುಬಿಡುತ್ತದೆ, ಆಮೇಲೆ ಹುಡುಕುತ್ತಾ ಕೂರಬೇಕು.

ಪ್ರಶ್ನೆ: ಇನ್ನೊಂದು ಸರ್. ಹಿಂದಿನ ವರ್ಷದ ಮಳೆ ನೋಡೋಣ ಅಂತ ಮೌಸ್ ಚಕ್ರ ತಿರುಗಿಸಿದರೆ ಕರ್ಸರ್ರೂ ಜೊತೆಗೇ ಬರುತ್ತದೆ. ವಾಪಸ್ ಹೋಗುವುದು ಹೇಗೆ?

ಮಧ್ಯೆ ಒಬ್ಬರು: ವಿಎಸ್ ಕೋಡ್ ಹಾಕ್ಕೊಳ್ಳಿ ಮಾರಾಯ್ರೇ, ಈ ತಲೆನೋವೇ ಇಲ್ಲ.

ಉತ್ತರ: ಅವರು ಹೇಳಿದ್ದು ಸುಳ್ಳಲ್ಲ. ಅಲ್ಲಿ ಎಷ್ಟು ತಿರುಗಿಸಿದರೂ ಕರ್ಸರ್ ಇದ್ದಲ್ಲೇ ಇರುತ್ತದೆ, ಒಂದಕ್ಷರ ಒತ್ತಿದರೆ ಸ್ಕ್ರೀನೇ ಅದರ ಹತ್ತಿರ ಓಡಿ ಬರುತ್ತದೆ. ಇಮ್ಯಾಕ್ಸ್‌ನಲ್ಲಿ, ವಿಮ್‌ನಲ್ಲೂ ಅಷ್ಟೇ, ಕರ್ಸರ್ ಕಾಣುವ ಜಾಗದಲ್ಲೇ ಇರಬೇಕು. ಆದರೆ ಇಷ್ಟಕ್ಕೇ ಎಡಿಟರ್ ಬದಲಾಯಿಸುವುದು ಬೇಡ. ಕಂಟ್ರೋಲ್ ಎಕ್ಸ್ ಒತ್ತಿ ಬಿಟ್ಟು 2 ಒತ್ತಿ. ಅದೇ ಫೈಲು ಮೇಲೊಂದು ಕೆಳಗೊಂದು ತೆರೆಯುತ್ತದೆ, ಎರಡಕ್ಕೂ ಬೇರೆ ಬೇರೆ ಕರ್ಸರ್. ಮೇಲೆ ಹಿಂದಿನ ವರ್ಷ ನೋಡಿ, ಕೆಳಗೆ ಈ ವರ್ಷದ್ದು ತುಂಬಿ. ಮುಗಿದ ಮೇಲೆ ಕಂಟ್ರೋಲ್ ಎಕ್ಸ್, 1.

ಪ್ರಶ್ನೆ: ಷರಾ ಕಾಲಂನಲ್ಲಿ 'ಕಾರ್ಮಿಕರಿಗೆ ರಜೆ' ಅಂತ ಬರೆದರೆ 'ರ್ಮಿ' ಒಳಗೆ ಕರ್ಸರ್ ಹೋಗುವುದೇ ಇಲ್ಲ. ಕನ್ನಡಕ್ಕೆ ಮಾತ್ರ ಹೀಗಾ?

ಉತ್ತರ: ಒತ್ತಕ್ಷರ ಇರುವ ಲಿಪಿಗಳಿಗೆಲ್ಲ ಹೀಗೇ. 'ರ್ಮಿ' ನಮಗೆ ಒಂದಕ್ಷರ, ಕಂಪ್ಯೂಟರಿಗೆ ನಾಲ್ಕು: ರ, ಹಲಂತ (್), ಮ, ಗುಡಿಸು. ಬಾಣದ ಕೀ ಪೂರ್ತಿ ಗುಂಪನ್ನೇ ದಾಟುತ್ತದೆ, ಬ್ಯಾಕ್‌ಸ್ಪೇಸ್ ಮಾತ್ರ ಹಿಂದಿನಿಂದ ಒಂದೊಂದೇ ಕಳಚುತ್ತದೆ. ಹಾಗಾಗಿ 'ರ್ಮಿ' ಆದಮೇಲೆ ಒಮ್ಮೆ ಒತ್ತಿದರೆ ಗುಡಿಸು ಹೋಗಿ 'ರ್ಮ' ಉಳಿಯುತ್ತದೆ. ಒಳಗೇ ನುಗ್ಗಬೇಕು ಅಂದ್ರೆ ಕಾಂಪೊಸಿಷನ್-ಬ್ರೇಕ್-ಅಟ್-ಪಾಯಿಂಟ್ ಆನ್ ಮಾಡಿ. ಇದು 2023ರಲ್ಲಿ ಬಂದ 29ನೇ ಆವೃತ್ತಿಯಿಂದ ಇದೆ. ನಾನಂತೂ ಬಳಸುವುದಿಲ್ಲ. ಕರ್ಸರ್ ಹತ್ತಿರ ಬಂದಾಗಲೆಲ್ಲ ಅಕ್ಷರ ಒಡೆದು ಕಾಣುತ್ತದೆ, ಕಣ್ಣಿಗೆ ಹಿಂಸೆ.

ಪ್ರಶ್ನೆ ಕೇಳಿದವರು: 101 ಹಾಕಿದೆ ಸರ್, ಹಾರುವುದು ನಿಂತಿತು. ಜುಲೈ ಪೂರ್ತಿ ಸರಿ ಮಾಡಿ ಈಗ ಆಗಸ್ಟ್ ಪುಟ ತೆಗೆದಿದ್ದೇನೆ. ಅರ್ಧ ಗೆದ್ದಲು ತಿಂದಿದೆ. ಅದಕ್ಕೆ ಇಮ್ಯಾಕ್ಸ್‌ನಲ್ಲಿ ಸೆಟ್ಟಿಂಗ್ ಇಲ್ಲ ಅಲ್ವಾ?