ಮಾವನ ಸ್ಕ್ರೀನ್‌ಶಾಟ್

ನಿನ್ನೆ ಮಧ್ಯಾಹ್ನ ನಮ್ಮ ಡೊಂಬಿವಲಿ–ಪುಣೆ ಮನೆ ಗುಂಪಿನಲ್ಲಿ ನಡೆದದ್ದು. ಗುಡ್ ಮಾರ್ನಿಂಗ್ ಹೂವುಗಳನ್ನು ತೆಗೆದು ಹಾಕಿದ್ದೇನೆ.

ರಘು ಮಾವ: ಫೋಟೊ ನೋಡಿ. ಬಿಸಿನೆಸ್ ಚಾನೆಲ್ ಕೆಳಗೆ ಓಡುವ ಬೆಲೆ ಪಟ್ಟಿಯಲ್ಲಿ 412.60. ಅದನ್ನು ನೋಡಿಯೇ 200 ಶೇರು ಮಾರಿದೆ. ಸಿಕ್ಕಿದ್ದು 409.85. ಹಗಲು ದರೋಡೆ!

ಸುನೀತಾ ಅತ್ತೆ: 550 ರೂಪಾಯಿ ಹೋಯ್ತು. ನಾನು ಮಾತ್ರ ಹೂಕೋಸಿಗೆ ಚೌಕಾಸಿ ಮಾಡಬೇಕು.

ಪ್ರಶಾಂತ: ಮಾವ, ನೋಡಿದ್ದು ಟಿವಿಯಲ್ಲಾ, ಫೋನಿನಲ್ಲಾ?

ರಘು ಮಾವ: ಫೋನಿನಲ್ಲಿ. ಟಿವಿಯಲ್ಲಿ ನಿಮ್ಮ ಅತ್ತೆಯ ಧಾರಾವಾಹಿ.

ಪ್ರಶಾಂತ: ಪಕ್ಕದ ಮನೆಯವರು "ಔಟ್" ಅಂತ ಕೂಗಿ ಮುಗಿಸಿದ ಮೇಲೆ ನಿಮ್ಮ ಫೋನಿನಲ್ಲಿ ಬೌಲರ್ ಓಡೋಕೆ ಶುರು ಮಾಡ್ತಾನಲ್ಲ, ಅದೇ ಕಥೆ.

ರಘು ಮಾವ: ಬುರುಡೆ ಬಿಡಬೇಡ. ಮೂಲೆಯಲ್ಲಿ ಕೆಂಪಗೆ 'ಲೈವ್' ಅಂತಿದೆ.

ಕಾವ್ಯ: ದೊಡ್ಡಪ್ಪ, ನಾನು ಆ ಪಟ್ಟಿ ಓಡಿಸುವ ಕೆಲಸವನ್ನೇ ಮಾಡಿದವಳು. ಬೆಲೆ ಹುಟ್ಟುವುದು ಎಕ್ಸ್‌ಚೇಂಜ್‌ನಲ್ಲಿ, ಅಂದರೆ ಶೇರು ಪೇಟೆಯಲ್ಲಿ. ಚಾನೆಲ್‌ನವರು ಅಲ್ಲಿಂದ ಹರಿದು ಬರುವ ಬೆಲೆಗಳ ಫೀಡನ್ನು ದುಡ್ಡು ಕೊಟ್ಟು ತಗೋತಾರೆ, ನೇರವಾಗಿ ಇಲ್ಲವೇ ಡೇಟಾ ಮಾರುವ ಕಂಪನಿಯಿಂದ. ಅಲ್ಲಿಂದ ಗ್ರಾಫಿಕ್ಸ್ ಮಷೀನು, ಆಮೇಲೆ ಉಪಗ್ರಹ, ನಿಮಗಾದರೆ ಇಂಟರ್‌ನೆಟ್ ಬೇರೆ. ದಾರಿಯುದ್ದಕ್ಕೂ ತಡವಾಗುತ್ತೆ. ನಮ್ಮಲ್ಲಿ ಕಂಪನಿ ಹೆಸರು ಬಲಗಡೆ ತಲೆ ಹಾಕಿದಾಗ ಇದ್ದ ಬೆಲೆಯೇ ಎಡಗಡೆ ದಾಟುವವರೆಗೂ ಇರುತ್ತಿತ್ತು. ಫೋಟೊ ದೊಡ್ಡದು ಮಾಡಿ ನೋಡಿ, ಅದು ಬಿಎಸ್‌ಇ ಬೆಲೆ. ನೀವು ಮಾರಿದ್ದು?

ರಘು ಮಾವ: ಎನ್‌ಎಸ್‌ಇ.

ಕಾವ್ಯ: ಮತ್ತೆ! ಎರಡೂ ಬೇರೆ ಬೇರೆ ಎಕ್ಸ್‌ಚೇಂಜ್. ದಲಾಲ್ ಸ್ಟ್ರೀಟ್‌ನ ಬಿಎಸ್‌ಇ ಬೆಲೆ ನೋಡಿ ಬಾಂದ್ರಾದ ಎನ್‌ಎಸ್‌ಇಯಲ್ಲಿ ಮಾರಿದ್ದೀರಿ. ಅದೂ ಯಾರದೋ ವ್ಯಾಪಾರ ಮುಗಿದ ಬೆಲೆ. ನಿಮಗೆ ಸಿಗೋದು ಆ ಹೊತ್ತಿಗೆ ಕೊಳ್ಳುವವನು ಕೇಳಿದ ಬೆಲೆ. ಇಷ್ಟಕ್ಕಿಂತ ಕಡಿಮೆಗೆ ಮಾರಬೇಡ ಅಂತ ಲಿಮಿಟ್ ಹಾಕಬೇಕಿತ್ತು ಅಲ್ವಾ?

ರಘು ಮಾವ: ಎಕ್ಸ್‌ಚೇಂಜ್ ಬಗ್ಗೆ ನನಗೆ ಹೇಳಬೇಡ. 2021ರ ಫೆಬ್ರವರಿ 24ಕ್ಕೆ ಎನ್‌ಎಸ್‌ಇ ಬೆಳಿಗ್ಗೆ 11.40ಕ್ಕೆ ನಿಂತು, ಮತ್ತೆ ಶುರುವಾಗಿದ್ದು ಮಧ್ಯಾಹ್ನ 3.45ಕ್ಕೆ. ಮರೆತೆಯಾ?

ಕಾವ್ಯ: ಅವತ್ತು ಡ್ಯೂಟಿಯಲ್ಲಿದ್ದೆ! ಎನ್‌ಎಸ್‌ಇ ಸೂಚ್ಯಂಕ ನಿಫ್ಟಿಯ ಅಂಕಿ ಅಲುಗಾಡಲೇ ಇಲ್ಲ. ನಮ್ಮ ಮಷೀನೇ ಕೆಟ್ಟಿದೆ ಅಂತ ಎರಡು ಸಲ ಆಫ್ ಮಾಡಿ ಆನ್ ಮಾಡಿದೆವು.

ಪ್ರಶಾಂತ: 😂

ರಘು ಮಾವ: ನಗು. ಹಾಗಿದ್ರೆ 'ಲೈವ್' ಅಂತ ಯಾಕೆ ಬರೀತಾರೆ? ಅದಕ್ಕೆ ಉತ್ತರ ಹೇಳು.

ಕಾವ್ಯ: ಅದು ಮಾತಾಡುವವರಿಗೆ, ದೊಡ್ಡಪ್ಪ. ಬೆಲೆಗಲ್ಲ. ಅದನ್ನು ಬರೆದು ಹಾಕಬೇಕಿತ್ತು, ಒಪ್ಪಿದೆ.

ಸುನೀತಾ ಅತ್ತೆ: ರೀ, ಧಾರಾವಾಹಿ ಮುಗೀತು. ಬನ್ನಿ, ದೊಡ್ಡ ಟಿವಿಯಲ್ಲೇ ನೋಡಿ.

ರಘು ಮಾವ: 3.30 ಆಯ್ತು. ಮಾರ್ಕೆಟ್ ಮುಚ್ಚಿತು.