ಇಂಟರ್‌ಸೆಪ್ಟರ್ 650: ಪಿಗ್ಗಿಬ್ಯಾಕ್ ಹಾಕಿಸಲಾ, ಇಸಿಯು ಫ್ಲ್ಯಾಶ್ ಮಾಡಿಸಲಾ?

ಕುಡ್ಲ ರೈಡರ್: ರಾಯಲ್ ಎನ್‌ಫೀಲ್ಡ್ ಬೈಕ್, ಬಿಎಸ್6 ಗಾಡಿ. ಸ್ಲಿಪ್-ಆನ್ ಸೈಲೆನ್ಸರ್, ಹೈ-ಫ್ಲೋ ಫಿಲ್ಟರ್ ಹಾಕಿದ ಮೇಲೆ 3000 ಆರ್‌ಪಿಎಂ ಹತ್ತಿರ ಜರ್ಕ್, ಥ್ರಾಟಲ್ ಬಿಟ್ಟರೆ ಪಟಪಟ ಸದ್ದು. ಬಜೆಟ್ 30 ಸಾವಿರ. ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಸಿಗ್ನಲ್ ನಡುವೆ ತಿದ್ದೋ ಪಿಗ್ಗಿಬ್ಯಾಕ್ ಬಾಕ್ಸಾ, ಅದರೊಳಗಿನ ಫೈಲನ್ನೇ ಬದಲಿಸೋ ಫ್ಲ್ಯಾಶಾ? ಮಾಡಿಸಿದವರು ಅನುಭವ ಹೇಳಿ.

ಜಯನಗರ ಟ್ವಿನ್: ಪಿಗ್ಗಿಬ್ಯಾಕ್, ಎರಡು ಮಾತಿಲ್ಲ. ನನ್ನ ಗಾಡಿಯ ಲೆಕ್ಕ: ಬಾಕ್ಸ್ 22,000, ವೈಡ್‌ಬ್ಯಾಂಡ್ (ಗಾಳಿ-ಪೆಟ್ರೋಲ್ ಪ್ರಮಾಣ ನಿಖರವಾಗಿ ಅಳೆಯೋ ಓ2 ಸೆನ್ಸರ್) ಕಿಟ್ 19,500, ಬಂಗ್ (ಸೆನ್ಸರ್ ಕೂರಿಸೋ ತಿರುಪಿನ ಬಳೆ) ವೆಲ್ಡಿಂಗ್ 800, ಡೈನೋ (ಗಾಲಿಯ ಪವರ್ ಅಳೆಯೋ ಯಂತ್ರ) 9,000. ಸ್ಟಾಕ್ (ಕಂಪನಿ ಕೊಟ್ಟ) ಓ2 ಸೆನ್ಸರ್ ತೂತಿಗೆ ವೈಡ್‌ಬ್ಯಾಂಡ್ ಕೂರಲ್ಲ, ಅದಕ್ಕೆ 18 ಎಂಎಂ ಬಂಗ್ ಬೇಕು. ಅಡ್ಡ ಗೆರೆಗಿಂತ ಮೇಲೆ, ಓರೆಯಾಗಿ ವೆಲ್ಡ್ ಮಾಡಿಸಿ. ಕೆಳಮುಖವಾದರೆ ನೀರು ನಿಂತು ಸೆನ್ಸರ್ ಸಾಯುತ್ತೆ. ಮ್ಯಾಪ್‌ನಲ್ಲಿ (ಎಲ್ಲಿ ಎಷ್ಟು ಪೆಟ್ರೋಲ್ ಅನ್ನೋ ಪಟ್ಟಿ) ಕ್ಲೋಸ್ಡ್ ಲೂಪ್ (ಸೆನ್ಸರ್ ನೋಡಿ ಇಸಿಯು ತಾನೇ ತಿದ್ದೋ) ಸೆಲ್‌ಗಳನ್ನು ಸೊನ್ನೆಯಲ್ಲೇ ಬಿಡಿ. ಅಲ್ಲಿ ನೀವು ಹಾಕಿದ ಪೆಟ್ರೋಲನ್ನ ಇಸಿಯು ಟ್ರಿಮ್‌ನಲ್ಲಿ ವಾಪಸ್ ಕಿತ್ಕೊಳ್ಳುತ್ತೆ. ಓಪನ್ ಲೂಪ್ (ಇಸಿಯು ಸೆನ್ಸರ್ ನೋಡದ ಕಡೆ) ಮಾತ್ರ ತಿದ್ದಿ, ಫುಲ್ ಥ್ರಾಟಲ್‌ನಲ್ಲಿ ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಪ್ರಮಾಣ, 1ಕ್ಕಿಂತ ಕಡಿಮೆ ಅಂದ್ರೆ ಪೆಟ್ರೋಲ್ ಹೆಚ್ಚು) 0.87 ಆಸುಪಾಸು.

ಹುಬ್ಬಳ್ಳಿ 650: ಪಿಗ್ಗಿಬ್ಯಾಕ್ ಅಂದ್ರ ಇಸಿಯು ಹೇಳಿದ್ದನ್ನ ನಡುವ ತಿರುಚೂದು ಅಷ್ಟ ರೀ. ವೈರ್ ಹೆಚ್ಚಾತು, ಕಪ್ಲರ್ ಹೆಚ್ಚಾತು, ಮಳಿಗಾಲದಾಗ ಕೈ ಕೊಡೂದೂ ಹೆಚ್ಚಾತು. ನಂದು ಫ್ಲ್ಯಾಶ್, 14,000. ಫ್ಯೂಲ್, ಇಗ್ನಿಷನ್ ಎಲ್ಲಾ ಒಂದ ಫೈಲ್‌ನ್ಯಾಗ. ಆದ್ರ ಮೊದಲ ಸ್ಟಾಕ್ ಫೈಲ್ ಓದಿ ಇಟ್ಕೊಳ್ರಿ. ಫ್ಲ್ಯಾಶ್ ನಡದಾಗ ವೋಲ್ಟೇಜ್ ಬಿದ್ರ ಇಸಿಯು ಸತ್ತಂಗ. ಹೆಡ್‌ಲೈಟ್ ಆಫ್ ಆಗೂದಿಲ್ಲಲ್ಲ, ಅದರ ಫ್ಯೂಸ್ ತಗೀರಿ, ಬ್ಯಾಟರಿಗೆ ಚಾರ್ಜರ್ ಹಚ್ಚಿ 13 ವೋಲ್ಟ್ ಮ್ಯಾಲ ಇಡ್ರಿ. ಗಾಲಿಮ್ಯಾಲ 49 ಎಚ್‌ಪಿ ಬಂದೈತಿ.

ಜಯನಗರ ಟ್ವಿನ್: ಇಗ್ನಿಷನ್ ನನ್ನ ಬಾಕ್ಸಲ್ಲೂ ಬದಲಾಗುತ್ತೆ, ತಿಳ್ಕೊಂಡು ಬರೀರಿ. ಕಂಪನಿ ಹೇಳೋ 47 ಪಿಎಸ್ ಕ್ರ್ಯಾಂಕ್‌ನದ್ದು (ಇಂಜಿನ್‌ನಲ್ಲೇ ಅಳೆದಿದ್ದು), ಗಾಲಿಗೆ ಬರೋಷ್ಟರಲ್ಲಿ ಕಡಿಮೆ ಆಗುತ್ತೆ. ಸ್ಲಿಪ್-ಆನ್, ಫೈಲ್ ಇಷ್ಟರಿಂದಲೇ ಗಾಲಿಯಲ್ಲಿ 49? ಅದೇ ಡೈನೋ, ಅದೇ ಗೇರ್, ಅದೇ ಆಯಿಲ್ ಟೆಂಪರೇಚರ್‌ನ ಸ್ಟಾಕ್ ಗ್ರಾಫ್ ಹಾಕಿ. ಅಲ್ಲೀವರೆಗೆ ನಂಬಲ್ಲ.

ಮಲ್ನಾಡ್ ಗಾಡಿ: ನಾನು ಎಲ್ಲಾ ಕಿತ್ತು ಸ್ಟಾಕ್‌ಗೆ ಬಂದಿದೀನಿ. 46,000 ಹೋಯ್ತು. ಪಟಪಟ ಬರ್ತಿದ್ದಿದ್ದು ಮ್ಯಾಪಿಂದಲ್ಲ, ಸೈಲೆನ್ಸರ್ ಜಾಯಿಂಟ್ ಗ್ಯಾಸ್ಕೆಟ್ ಲೀಕಿಂದ. 300 ರೂಪಾಯಿ ಮಾಲು ಮಾರಾಯ್ರೆ! ಸೆನ್ಸರಿಗಿಂತ ಮುಂಚೆ ಲೀಕಾದರೆ ಹೊರಗಿನ ಗಾಳಿ ಎಳೆದು ಲೀನ್ (ಪೆಟ್ರೋಲ್ ಕಡಿಮೆ) ಅಂತ ತೋರಿಸುತ್ತೆ, ಇಸಿಯು ಪೆಟ್ರೋಲ್ ಸುರೀತದೆ, ಮೈಲೇಜ್ ಬೀಳ್ತದೆ. ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಜಾಯಿಂಟ್ ಹತ್ರ ಸೋಪು ನೀರು ಸ್ಪ್ರೇ ಮಾಡಿ, ಗುಳ್ಳೆ ಬಂದ್ರೆ ಸಿಕ್ಕಿತು. ಜರ್ಕಿಗೆ ಮೊದಲು ಟ್ಯಾಪೆಟ್ ಕ್ಲಿಯರೆನ್ಸ್, ಆಮೇಲೆ ವ್ಯಾಕ್ಯೂಮ್ ಗೇಜ್ ಹಾಕಿ ಎರಡು ಥ್ರಾಟಲ್ ಬಾಡಿ ಸಿಂಕ್ (ಎರಡೂ ಒಂದೇ ಸಮ ಮಾಡೋದು). ಇವು ಸರಿಯಿಲ್ಲದೆ ಮ್ಯಾಪ್ ಮಾಡಿದ್ರೆ ಒಂದು ಸಿಲಿಂಡರ್ ರಿಚ್, ಇನ್ನೊಂದು ಲೀನ್. ಇಬ್ಬರೂ ಇ20 (ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್) ಬಗ್ಗೆ ಮಾತೇ ಎತ್ತಿಲ್ಲ. ಇ10ರಲ್ಲಿ ಮಾಡಿದ ಮ್ಯಾಪಿಗೆ ಇ20 ಹಾಕಿದ್ರೆ ಓಪನ್ ಲೂಪಲ್ಲಿ ಶೇ 4ರಷ್ಟು ಲೀನ್ ಆಗ್ತದೆ. ಮೋಟಾರು ವಾಹನ ಕಾಯ್ದೆ 182ಎ(4) ಪ್ರಕಾರ ಅನುಮತಿಯಿಲ್ಲದ ಮಾರ್ಪಾಡು ಒಂದೊಂದಕ್ಕೂ 5,000 ದಂಡ ಇದೆ, ಅದನ್ನೂ ಬಜೆಟಿಗೆ ಸೇರಿಸ್ಕೊಳ್ಳಿ.

ಹುಬ್ಬಳ್ಳಿ 650: ಇ20 ಯಾಕ ಹಾಕ್ತೀರಿ? 100 ಆಕ್ಟೇನ್ ಹಾಕ್ರಿ, ಪವರ್ ತಾನ ಬರತೈತಿ.

ಜಯನಗರ ಟ್ವಿನ್: ಬರಲ್ಲ. ಕಂಪ್ರೆಷನ್ 9.5:1. ಟೈಮಿಂಗ್ (ಕಿಡಿ ಹಾರೋ ಸಮಯ) ಮುಂದೆ ತರದೆ ಆಕ್ಟೇನ್ ಏರಿಸಿದ್ರೆ ದುಡ್ಡು ದಂಡ. ಅಡ್ವಾನ್ಸ್ ಒಂದೊಂದೇ ಡಿಗ್ರಿ ಕೊಟ್ಟು ನೋಡಿ, ಟಾರ್ಕ್ ಏರೋದು ನಿಂತ ಕಡೆ ಹಿಂದಕ್ಕೆ ಬನ್ನಿ.

ಕುಡ್ಲ ರೈಡರ್: ಸೋಪು ನೀರು ಹಾಕಿ ನೋಡಿದೆ, ಎಡಗಡೆ ಜಾಯಿಂಟಲ್ಲಿ ಗುಳ್ಳೆ ಬರ್ತಿದೆ. ಗ್ಯಾಸ್ಕೆಟ್ ಆರ್ಡರ್ ಮಾಡಿದೀನಿ. ಆದ್ರೂ ಎರಡರಲ್ಲಿ ಯಾವುದು?

ಹುಬ್ಬಳ್ಳಿ 650: ಫ್ಲ್ಯಾಶ್. ಮತ್ತ ಜಯನಗರದವ್ರ, ಗ್ರಾಫ್ ಹಾಕ್ತೀನಿ. ನೀವೂ ಕರೆಕ್ಷನ್ ಫ್ಯಾಕ್ಟರ್ (ಗಾಳಿ ಒತ್ತಡಕ್ಕ ತಕ್ಕಂಗ ಡೈನೋ ಲೆಕ್ಕ ತಿದ್ದೂದು) ಇಲ್ಲದ ಗ್ರಾಫ್ ಹಾಕ್ರಿ. ಬೆಂಗಳೂರು 900 ಮೀಟರ್ ಎತ್ತರದಾಗೈತಿ, ಆ ಫ್ಯಾಕ್ಟರ್ ಒಂದ ಶೇ 10ರ ಹತ್ರ ಏರಿಸಿ ತೋರಸ್ತೈತಿ.