ತಲಾ ಆದಾಯ: ಈ 'ತಲಾ' ಯಾರ ತಲೆ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ಕೇಳಬೇಕಿತ್ತು. ಪದ ಹೊಸದೇನಲ್ಲ, ದಿನಾ ಪೇಪರಲ್ಲಿ ಬರುವಂಥದ್ದೇ. 'ತಲಾ ಆದಾಯ'. ಇಷ್ಟು ವರ್ಷ ನನಗೆ ಅದರಲ್ಲಿ ಯಾವ ತೊಡಕೂ ಕಂಡಿರಲಿಲ್ಲ. ನನ್ನ ತಂಗಿ ಮಗಳು ಕೇಳಿದ ಒಂದು ಮಾತು ಈಗ ತಲೆಯೊಳಗೆ ಕೂತುಬಿಟ್ಟಿದೆ.

ನಾನು ಸಕಲೇಶಪುರ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ರೈಟರ್. ಮಲೆನಾಡಿನವರಲ್ಲದವರು ಕಥೆಗಾರ ಅಂದುಕೊಳ್ಳಬೇಡಿ. ಹಾಜರಿ ಬರೆಯುವುದು, ಹಣ್ಣು ತೂಕ ಹಾಕಿಸುವುದು, ಬಟವಾಡೆ ಲೆಕ್ಕ ನೋಡುವುದು, ಇಷ್ಟೇ ನನ್ನ ಬರವಣಿಗೆ. ಹುಡುಗಿ ಪಿಯುಸಿ ಓದುತ್ತಿದ್ದಾಳೆ, ಕನ್ನಡ ಮಾಧ್ಯಮ. ಅರ್ಥಶಾಸ್ತ್ರದಲ್ಲಿ ಅವಳಿಗೊಂದು ಸೆಮಿನಾರ್ ಬಂದಿದೆ. ಭಾರತದ ಆರ್ಥಿಕತೆ ಮತ್ತು ಜನರ ಬದುಕನ್ನು ಬೇರೆ ದೇಶಗಳ ಜೊತೆ ಹೋಲಿಸಿ ಹತ್ತು ನಿಮಿಷ ಮಾತಾಡಬೇಕು. ಭಾನುವಾರ ನೋಟ್ಸ್ ಹಿಡಿದುಕೊಂಡು ತೋಟದ ಆಫೀಸಿಗೇ ಬಂದಳು.

ಆವತ್ತು ಲೈನ್ ಮನೆಯವರಿಗೆ, ಅಂದರೆ ತೋಟದ ಸಾಲುಮನೆಗಳಲ್ಲಿರುವ ಆಳುಗಳಿಗೆ, ಕಂಬಳಿ ಕೊಡುವ ದಿನ. ಮಳೆ ಹಿಡಿಯುವ ಮುಂಚೆ ಕೊಡುವ ರೂಢಿ. ನಾನು ಪುಸ್ತಕದಲ್ಲಿ 'ತಲಾ 1 ಕಂಬಳಿ, ಒಟ್ಟು 42' ಅಂತ ಬರೆದು ಒಬ್ಬೊಬ್ಬರ ಹತ್ತಿರ ಹೆಬ್ಬೆಟ್ಟೋ ಸಹಿಯೋ ಹಾಕಿಸಿಕೊಳ್ಳುತ್ತಿದ್ದೆ. ಅವಳು ಪಕ್ಕದ ಸ್ಟೂಲ್ ಮೇಲೆ ಕೂತು ತನ್ನ ನೋಟ್ಸನ್ನೂ ನನ್ನ ಪುಸ್ತಕವನ್ನೂ ನೋಡಿದಳು.

"ಮಾವ, ನೀವು ತಲಾ ಒಂದು ಕಂಬಳಿ ಅಂತ ಬರ್ದಿದೀರ. ಎಲ್ಲರಿಗೂ ಒಂದೊಂದು ಸಿಕ್ತು. ನನ್ನ ನೋಟ್ಸಲ್ಲಿ ಭಾರತದ ತಲಾ ಆದಾಯ ಸುಮಾರು 2 ಲಕ್ಷ ರೂಪಾಯಿ ಅಂತಿದೆ. ಇದು ಯಾರಿಗೆ ಸಿಕ್ತು?"

ಸಾಲಲ್ಲಿ ನಿಂತಿದ್ದ ಒಬ್ಬ ಹೆಂಗಸು ತಕ್ಷಣ ಕೇಳಿದಳು, "ಅದ್ಯಾವ ಎರಡು ಲಕ್ಷ ರೈಟ್ರೇ? ನಮ್ಮ ಹೆಸರು ಬಿಟ್ಟೋಗೈತಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಉತ್ತರ ಹೇಳೋಣ ಅಂತ ಬಾಯಿ ತೆರೆದರೆ ಮಾತು ಹೊರಡಲಿಲ್ಲ.

ನಾವು ಆಡುವ ಮಾತಲ್ಲಿ 'ತಲಾ' ಎಲ್ಲೆಲ್ಲಿ ಬರುತ್ತದೆ ನೋಡಿ. ಮಕ್ಕಳಿಗೆ ತಲಾ ಎರಡು ಲಾಡು. ಗಾಯಾಳುಗಳಿಗೆ ತಲಾ 50 ಸಾವಿರ ಪರಿಹಾರ. ರೇಷನ್ ಅಂಗಡಿಯಲ್ಲಿ ತಲಾ 5 ಕೆಜಿ ಅಕ್ಕಿ. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಇದಂತೂ ಮನೆಮಾತು. ಇಲ್ಲೆಲ್ಲ ವಸ್ತು ನಿಜವಾಗಿ ಕೈಗೆ ಬರುತ್ತದೆ. ಬರದಿದ್ದರೆ ಜಗಳ. 42 ಕಂಬಳಿಯಲ್ಲಿ ಒಂದು ಕಡಿಮೆಯಾಗಿದ್ದರೂ ಆ 'ತಲಾ' ಸುಳ್ಳಾಗುತ್ತಿತ್ತು, ನನ್ನ ಮಾನ ಹೋಗುತ್ತಿತ್ತು.

ಇನ್ನೊಂದು ಗಮನಿಸಿದೆ. 'ತಲಾ' ಆದ ಮೇಲೆ ಒಂದು ಸಂಖ್ಯೆ ಬಂದೇ ಬರುತ್ತದೆ. ತಲಾ ಒಂದು, ತಲಾ ಐದು. 'ತಲಾ ಕಂಬಳಿ ಕೊಟ್ಟೆ' ಅಂತ ಯಾರೂ ಹೇಳಲ್ಲ, ಅಲ್ವಾ? ಆದರೆ 'ತಲಾ ಆದಾಯ'ದಲ್ಲಿ ಸಂಖ್ಯೆ ಇಲ್ಲ, ನೇರ ಹೆಸರಿಗೇ ಅಂಟಿಕೊಂಡಿದೆ. ತಲಾ ಬಳಕೆ, ತಲಾ ಸಾಲ, ತಲಾ ವೆಚ್ಚ, ಇವೆಲ್ಲ ಅದೇ ಅಚ್ಚಿನವು. ಇದು ಆಡುಮಾತಿನಿಂದ ಬೆಳೆದ ರೂಪ ಅಲ್ಲ, ಪುಸ್ತಕಕ್ಕೆ ಅಂತ ಕಟ್ಟಿದ್ದು ಅಂತ ನನಗೆ ಅನಿಸುತ್ತದೆ.

ಕೊನೆಯ ದೀರ್ಘದ ಬಗ್ಗೆಯೂ ಒಂದು ಊಹೆ ಇದೆ, ತಿಳಿದವರು ತಿದ್ದಿ. ದಿನ ಅನ್ನುವುದು 'ದಿನಾ' ಆದರೆ ಒಂದು ದಿನವೂ ತಪ್ಪದೆ ಅಂತ ಅರ್ಥ. 'ದಿನಾ ಹಾಲು ಹಾಕ್ತಾನೆ' ಅಂದರೆ ಹಾಕಿಯೇ ಹಾಕುತ್ತಾನೆ. ತಲೆ 'ತಲಾ' ಆದಾಗಲೂ ಅದೇ ದೀರ್ಘ ಕೆಲಸ ಮಾಡುತ್ತಿದೆಯಾ? ಒಂದು ತಲೆಯೂ ಬಿಡದೆ ಅಂತ? ಹಾಗಿದ್ದರೆ ಕೇಳಿದವರ ಕಿವಿಗೆ ತಲಾ ಆದಾಯ ಅಂದರೆ ಎಲ್ಲರ ಕೈಗೂ ಸೇರಿದ ಆದಾಯ. ಲೈನ್ ಮನೆಯ ಹೆಂಗಸು ತಪ್ಪು ತಿಳಿಯಲಿಲ್ಲ, ಕನ್ನಡ ಏನು ಹೇಳುತ್ತೋ ಅದನ್ನೇ ತಿಳಿದಳು.

ಹಾಸನದ ಕೋರ್ಟಲ್ಲಿ ವಕೀಲನಾಗಿರುವ ಗೆಳೆಯನಿಗೆ ಫೋನ್ ಮಾಡಿದೆ. ತಲಾ ಆದಾಯಕ್ಕೆ ಇಂಗ್ಲಿಷಲ್ಲಿ 'ಪರ್ ಕ್ಯಾಪಿಟಾ ಇನ್‌ಕಮ್' ಅಂತಾರಲ್ಲ, ಆ ಪರ್ ಕ್ಯಾಪಿಟಾ ಅನ್ನುವುದು ಲ್ಯಾಟಿನ್, 'ತಲೆಗಳ ಲೆಕ್ಕದಲ್ಲಿ' ಅಂತ ಅರ್ಥ, ಆಸ್ತಿ ಪಾಲು ಮಾಡುವ ಕಾನೂನಲ್ಲಿ ಇವತ್ತೂ ಬಳಸುತ್ತೇವೆ ಅಂದ. ಅಣ್ಣತಮ್ಮಂದಿರು ತಲೆಗೊಂದು ಪಾಲು ತಗೊಂಡರೆ ಅದು ಪರ್ ಕ್ಯಾಪಿಟಾ. ಕವಲಿನ ಲೆಕ್ಕದಲ್ಲಿ, ಅಂದರೆ ಸತ್ತ ಅಣ್ಣನ ಪಾಲನ್ನು ಅವನ ಮಕ್ಕಳು ಹಂಚಿಕೊಂಡರೆ, ಅದಕ್ಕೆ ಬೇರೆ ಮಾತು. ಹಾಗಾದರೆ ಅಲ್ಲೂ ಇದು ನಿಜವಾಗಿ ಹಂಚುವಾಗಿನ ಮಾತೇ. ಅರ್ಥಶಾಸ್ತ್ರದವರು ಅದನ್ನು ತಂದು ಹಂಚದೇ ಇರುವ ದುಡ್ಡಿಗೆ ಇಟ್ಟರು. ನಮ್ಮವರು ಅದನ್ನು ಹಾಗೇ ಕನ್ನಡಕ್ಕೆ ಇಳಿಸಿಕೊಂಡರು.

ಹುಡುಗಿಗೆ ನಾನು ಹೇಳಿದ್ದು ಹೀಗೆ. ಸುಮ್ನೆ ಲೆಕ್ಕಕ್ಕೆ ಒಂದು ತೋಟ ಅಂದುಕೋ. ಒಂಬತ್ತು ಆಳು, ಒಬ್ಬ ಸಾಹುಕಾರ. ಆಳುಗಳಿಗೆ ವರ್ಷಕ್ಕೆ ಒಂದೊಂದು ಲಕ್ಷ, ಸಾಹುಕಾರರಿಗೆ 31 ಲಕ್ಷ. ಒಟ್ಟು 40 ಲಕ್ಷ, ಹತ್ತು ತಲೆ. ತಲಾ ಆದಾಯ 4 ಲಕ್ಷ. ಆ ತೋಟದಲ್ಲಿ 4 ಲಕ್ಷ ದುಡಿಯುವವರು ಒಬ್ಬರಾದರೂ ಇದ್ದಾರಾ? ಇಲ್ಲ. ಎಲ್ಲರನ್ನೂ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿ ನಡುವೆ ಇರುವವರನ್ನು ಕೇಳಿದರೆ ಒಂದು ಲಕ್ಷ ಅನ್ನುತ್ತಾರೆ. ಆ ನಡುವಿನ ಅಂಕಿಗೆ ಪಠ್ಯದಲ್ಲಿ 'ಮಧ್ಯಾಂಕ' ಅಂತಾರೆ. ಒಳ್ಳೆ ಪದ, ಆದರೆ ಪೇಪರಲ್ಲಿ ಕಾಣುವುದೇ ಕಡಿಮೆ.

ಇನ್ನೊಂದು ಮಜಾ ಇದೆ. ದೇಶದ ಲೆಕ್ಕದಲ್ಲಿ ತೊಟ್ಟಿಲ ಕೂಸೂ ಒಂದು ತಲೆ, ಮೂಲೆ ಹಿಡಿದ ಅಜ್ಜಿಯೂ ಒಂದು ತಲೆ. ತಲೆಗೆ 2 ಲಕ್ಷ ಅಂದರೆ ನಾಲ್ಕು ಜನರ ಮನೆಗೆ 8 ಲಕ್ಷ ಆಯಿತು. ಇದನ್ನು ನಾನು ಸಾಲಲ್ಲಿ ನಿಂತವರ ಮುಂದೆ ಜೋರಾಗಿ ಹೇಳಲಿಲ್ಲ.

ಬೇರೆ ದೇಶದ ಜೊತೆ ಹೋಲಿಸುವಾಗ ಮಾತ್ರ ಈ ಭಾಗಾಕಾರ ಬೇಕೇ ಬೇಕು, ಅದನ್ನೂ ಒಪ್ಪಬೇಕು. 2024ರಲ್ಲಿ ಆರ್ಥಿಕತೆಯ ಒಟ್ಟು ಗಾತ್ರದಲ್ಲಿ ಭಾರತ ಪ್ರಪಂಚದಲ್ಲೇ ಐದನೆಯದು, ಸುಮಾರು 3.9 ಲಕ್ಷ ಕೋಟಿ ಡಾಲರ್. 140 ಕೋಟಿಗೂ ಮೀರಿದ ತಲೆಗಳಿಗೆ ಭಾಗಿಸಿದರೆ ತಲೆಗೆ ಸುಮಾರು 2,700 ಡಾಲರ್. ಶ್ರೀಲಂಕಾ 2022ರಲ್ಲಿ ಹೊರಗಿನ ಸಾಲ ಕಟ್ಟಲಾಗದೆ ಕೈಯೆತ್ತಿದ ದೇಶ. ಆದರೂ ಅಲ್ಲಿ ತಲೆಗೆ ಸುಮಾರು 4,500. ಕಾಫಿಯವನಾದ ನಾನು ವಿಯೆಟ್ನಾಮನ್ನೂ ಸೇರಿಸು ಅಂದೆ. 1986ರಲ್ಲಿ 'ದೋಯ್ ಮೋಯ್' ಅಂತ ಆರ್ಥಿಕ ಸುಧಾರಣೆ ಶುರು ಮಾಡಿದರು. 1990ರ ಹೊತ್ತಿಗೆ ಅವರ ತಲಾ ಆದಾಯ ನಮ್ಮದಕ್ಕಿಂತ ಎಷ್ಟೋ ಕೆಳಗಿತ್ತು. ಈಗ ನಮ್ಮನ್ನು ದಾಟಿ 4,500ರ ಮೇಲಿದ್ದಾರೆ. ಬ್ರೆಜಿಲ್ ಬಿಟ್ಟರೆ ಕಾಫಿ ಬೆಳೆಯುವುದರಲ್ಲಿ ಅವರೇ. ಒಂದು ಹೆಕ್ಟೇರಿಗೆ ಅವರು ತೆಗೆಯುವ ರೋಬಸ್ಟಾ ನಮ್ಮದರ ಎರಡು ಪಟ್ಟಿಗೂ ಜಾಸ್ತಿ. ಅಲ್ಲಿ ಮಳೆ ಕೈಕೊಟ್ಟ ವರ್ಷ ನಮ್ಮಲ್ಲಿ ಮೂಟೆ ರೇಟ್ ಏರುತ್ತದೆ. ಹೀಗಾಗಿ ನಮ್ಮ ಸಾಹುಕಾರರಿಗೆ ಬೆಂಗಳೂರಿನ ಹವಾಮಾನಕ್ಕಿಂತ ವಿಯೆಟ್ನಾಮಿನ ಹವಾಮಾನವೇ ಚೆನ್ನಾಗಿ ಗೊತ್ತು.

ಡಾಲರ್ ಲೆಕ್ಕದಲ್ಲಿ ಇನ್ನೊಂದು ಪದ ಬಂತು, 'ಕೊಳ್ಳುವ ಶಕ್ತಿಯ ಸಮಾನತೆ'. ಮೂರು ಪದದ ಈ ರೈಲುಗಾಡಿಗಿಂತ 'ಕೊಳ್ಳುಬಲ' ಸಾಲದೇ? ಬಸ್ ಸ್ಟ್ಯಾಂಡ್ ಹೋಟೆಲಲ್ಲಿ ಬೈಟು ಕಾಫಿ ಕುಡಿದ ದುಡ್ಡನ್ನು ಪೌಂಡ್ ಮಾಡಿಕೊಂಡು ಹೋದರೆ ಲಂಡನ್ನಲ್ಲಿ ಕಾಫಿಯ ವಾಸನೆ ಮಾತ್ರ ಸಿಗುತ್ತದೆ. ಬ್ಯಾಂಕಲ್ಲಿ ಡಾಲರಿಗೆ 80ಕ್ಕೂ ಜಾಸ್ತಿ ರೂಪಾಯಿ ಕೊಡಬೇಕು. ಆದರೆ ಅಮೆರಿಕದಲ್ಲಿ ಒಂದು ಡಾಲರಿಗೆ ಬರುವಷ್ಟು ಸಾಮಾನು ಇಲ್ಲಿ ಸರಾಸರಿ 20 ರೂಪಾಯಿ ಆಸುಪಾಸಿಗೆ ಬರುತ್ತದೆ. ಹಾಗೆ ಲೆಕ್ಕ ಹಾಕಿದರೆ ನಮ್ಮ 2,700 ಡಾಲರ್ ನಾಲ್ಕು ಪಟ್ಟು ಊದಿಕೊಂಡು ಕಾಣುತ್ತದೆ. ಭಾಷಣದಲ್ಲಿ ಯಾವ ಅಂಕಿ ಬೇಕೋ ಆ ಅಂಕಿ ಎತ್ತಿಕೊಳ್ಳಲು ಒಳ್ಳೆ ಅನುಕೂಲ.

'ಅಭಿವೃದ್ಧಿಶೀಲ' ಅನ್ನುವುದರ ಬಗ್ಗೆ ಜಾಸ್ತಿ ಹೇಳಲ್ಲ. ಸಹನಶೀಲ ಅಂದರೆ ಸಹನೆಯೇ ಸ್ವಭಾವವಾದವನು. ಹಾಗೆ ನೋಡಿದರೆ ಅಭಿವೃದ್ಧಿಶೀಲ ದೇಶ ಅಂದರೆ ಯಾವತ್ತೂ ಅಭಿವೃದ್ಧಿ ಆಗುತ್ತಲೇ ಇರುವುದು, ಮುಗಿಸುವುದು ಅದರ ಸ್ವಭಾವದಲ್ಲೇ ಇಲ್ಲ! ವಿಶ್ವಬ್ಯಾಂಕ್ 2016ರಲ್ಲಿ ತನ್ನ ಅಭಿವೃದ್ಧಿ ಅಂಕಿಅಂಶದ ಪುಸ್ತಕದಿಂದ ಈ ಮುಂದುವರಿದ, ಮುಂದುವರಿಯುತ್ತಿರುವ ಅನ್ನುವ ವಿಂಗಡಣೆಯನ್ನೇ ಬಿಟ್ಟಿತು. ನಾವು ಬಿಟ್ಟಿಲ್ಲ.

ಸೆಮಿನಾರಿನ ಎರಡನೇ ಭಾಗ ಜನರ ಬದುಕಿನದು. ನೋಟ್ಸಲ್ಲಿ 'ಸಾಮಾಜಿಕ ಕಲ್ಯಾಣ' ಅಂತ ಬರೆದುಕೊಂಡಿದ್ದಳು. ಅದನ್ನು ಕೇಳಿದರೆ ನನಗೆ ನೆನಪಾಗುವುದು ಇಲಾಖೆ, ಹಾಸ್ಟೆಲ್ಲು, ಸ್ಕಾಲರ್‌ಶಿಪ್ಪು. ಬರೀ 'ಕಲ್ಯಾಣ' ಅಂದರೆ ಮಂಟಪ. 'ನೆಮ್ಮದಿ' ಚೆಂದದ ಪದ, ಆದರೆ ಅದು ಮನಸ್ಸಿನದು. ಹೊಟ್ಟೆಗಿಲ್ಲದವನೂ ನೆಮ್ಮದಿಯಾಗಿ ಮಲಗಬಹುದು. ಕೊನೆಗೆ ನನಗೆ ಹೊಳೆದದ್ದು 'ಯೋಗಕ್ಷೇಮ'. ಕಾಗದ ಬರೆಯುವ ಕಾಲದಲ್ಲಿ 'ನಿಮ್ಮ ಯೋಗಕ್ಷೇಮಕ್ಕೆ ಬರೆಯುತ್ತಿರಿ' ಅಂತ ಮುಗಿಸುತ್ತಿದ್ದೆವಲ್ಲ, ಅದೇ. ಇಲ್ಲದ್ದು ಸಿಗುವುದು ಯೋಗ, ಇದ್ದದ್ದು ಉಳಿಯುವುದು ಕ್ಷೇಮ ಅಂತ ಹಳಬರು ಬಿಡಿಸಿ ಹೇಳುತ್ತಾರೆ. ದೇಶದ ಜನರ ಸ್ಥಿತಿ ಅಳೆಯಲು ಇದಕ್ಕಿಂತ ಅಚ್ಚುಕಟ್ಟಾದ ಪದ ನನಗೆ ಕಾಣಲಿಲ್ಲ.

ಅದನ್ನು ಅಳೆಯುವ ಒಂದು ಕೋಲು ಮಾನವ ಅಭಿವೃದ್ಧಿ ಸೂಚ್ಯಂಕ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದವರು 1990ರಲ್ಲಿ ಶುರು ಮಾಡಿದ್ದು. ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಮುಂದಾಳು, ನಮ್ಮ ಅಮರ್ತ್ಯ ಸೇನ್ ಜೊತೆಗಿದ್ದರು. ಆದಾಯದ ಜೊತೆ ಆಯಸ್ಸು, ಓದು ಎರಡನ್ನೂ ಸೇರಿಸಿ ಸೊನ್ನೆಯಿಂದ ಒಂದರ ನಡುವೆ ಒಂದು ಅಂಕಿ ಕೊಡುತ್ತಾರೆ. 2023ರ ಲೆಕ್ಕದಲ್ಲಿ ಭಾರತ 0.685, 193 ದೇಶಗಳಲ್ಲಿ 130ನೇ ಸ್ಥಾನ. ಬಾಂಗ್ಲಾದೇಶವೂ ಅದೇ 0.685, ಅದೇ 130. ಕೊಳ್ಳುಬಲದಲ್ಲಿ ಬಾಂಗ್ಲಾದವರ ತಲಾ ಆದಾಯ ನಮ್ಮದಕ್ಕಿಂತ ಕಡಿಮೆ, ಆದರೆ ಅವರು ನಮಗಿಂತ ಜಾಸ್ತಿ ವರ್ಷ ಬದುಕುತ್ತಾರೆ. ಶ್ರೀಲಂಕಾ 89ನೇ ಸ್ಥಾನದಲ್ಲಿದೆ, ಆಯಸ್ಸು 77 ದಾಟಿದೆ. ಇಲ್ಲಿ ಪೇಪರಿನವರಿಗೆ ಒಂದು ಮಾತು. ಸೂಚ್ಯಂಕ ಬೇರೆ, ಸ್ಥಾನ ಬೇರೆ. ನಮ್ಮ ಅಂಕಿ ಏರಿದ್ದರೂ ಬೇರೆಯವರು ಇನ್ನೂ ಜೋರಾಗಿ ಏರಿದರೆ ಸ್ಥಾನ ಇಳಿಯುತ್ತದೆ. ಅದಕ್ಕೆ 'ಸೂಚ್ಯಂಕದಲ್ಲಿ ಕುಸಿತ' ಅಂತ ಹೆಡ್ಡಿಂಗ್ ಕೊಟ್ಟರೆ ಹೇಗೆ?

ಆಯಸ್ಸಿನದೂ ತಲಾ ಆದಾಯದ ಕಥೆಯೇ. 'ಭಾರತೀಯರ ಜೀವಿತಾವಧಿ 72 ವರ್ಷ' ಅಂತ ಹುಡುಗಿ ಮನೆಯಲ್ಲಿ ಜೋರಾಗಿ ಓದಿಕೊಳ್ಳುತ್ತಿದ್ದಳು. 84 ವರ್ಷದ ನಮ್ಮಮ್ಮ ಒಳಗಿಂದ, "ಹಂಗಾರೆ ನಂದು ಮುಗ್ದು ಹನ್ನೆಡ್ ವರ್ಷ ಆತು" ಅಂದರು. 1951ರ ಹೊತ್ತಿಗೆ ಈ ಅಂಕಿ ಸುಮಾರು 32 ಇತ್ತು. ಹಾಗಂತ ಜನ 32ಕ್ಕೆ ಸಾಯುತ್ತಿರಲಿಲ್ಲ. ಆಗ ಎಷ್ಟೋ ಕೂಸುಗಳು ತೊಟ್ಟಿಲು ದಾಟುತ್ತಲೇ ಇರಲಿಲ್ಲ. ನಮ್ಮಜ್ಜಿ ಹೆತ್ತದ್ದು ಒಂಬತ್ತು, ಉಳಿದದ್ದು ನಾಲ್ಕು. ಹೋದ ಐದು ಕೂಸುಗಳ ಸೊನ್ನೆಗಳು ಉಳಿದವರ ವಯಸ್ಸನ್ನು ಕೆಳಕ್ಕೆ ಎಳೆದಿದ್ದವು. 'ಜೀವಿತಾವಧಿ' ಅನ್ನುವ ಪದದಲ್ಲಿ ಆ ತೊಟ್ಟಿಲು ಎಲ್ಲಿ ಕಾಣುತ್ತದೆ? ಕೊನೇಪಕ್ಷ 'ಸರಾಸರಿ ಆಯಸ್ಸು' ಅಂದರೆ ಸುಳಿವಾದರೂ ಸಿಗುತ್ತದೆ.

ಅದೇ ವಿಶ್ವಸಂಸ್ಥೆಯವರು ಹಂಚಿಕೆಯ ಏರುಪೇರನ್ನೂ ಸೇರಿಸಿ ಇನ್ನೊಂದು ಅಂಕಿ ಕೊಡುತ್ತಾರೆ. ಅದರಲ್ಲಿ ನಮ್ಮ 0.685 ಸುಮಾರು 30 ಪರ್ಸೆಂಟ್ ಇಳಿದುಹೋಗುತ್ತದೆ. ನನ್ನ ಪ್ರಕಾರ 'ತಲಾ' ಅನ್ನುವ ಪದ ಮುಚ್ಚಿಡುವುದು ಈ 30 ಪರ್ಸೆಂಟನ್ನೇ. ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್ 1934ರಲ್ಲಿ ಅಮೆರಿಕದ ಸಂಸತ್ತಿಗೆ ಮೊದಲ ಸಲ ರಾಷ್ಟ್ರೀಯ ಆದಾಯದ ಲೆಕ್ಕ ಒಪ್ಪಿಸಿದಾಗಲೇ, ಈ ಅಂಕಿ ಹಿಡಿದು ಜನರ ಯೋಗಕ್ಷೇಮ ಹೇಳಲು ಹೋಗಬೇಡಿ ಅನ್ನುವ ಎಚ್ಚರಿಕೆಯನ್ನೂ ಕೊಟ್ಟಿದ್ದರು. ಲೆಕ್ಕ ಎಲ್ಲರಿಗೂ ಬೇಕಾಯಿತು, ಎಚ್ಚರಿಕೆ ಯಾರಿಗೂ ಬೇಡವಾಯಿತು.

ಈಗ ನನ್ನ ಪ್ರಶ್ನೆ. 'ತಲಾ ಆದಾಯ' ತೆಗೆದುಹಾಕಿ ಅನ್ನಲ್ಲ. ಬಜೆಟ್ಟಿನಿಂದ ಹಿಡಿದು ಕ್ವಿಜ್ ಪುಸ್ತಕದವರೆಗೆ ಬೇರು ಬಿಟ್ಟಿದೆ, ನಾವು ಕಿತ್ತರೆ ಬರಲ್ಲ. ಆದರೆ ಮಾತಾಡುವಾಗ ಏನನ್ನಬೇಕು?

'ತಲೆ ಸರಾಸರಿ ಆದಾಯ' ಅಂದು ನೋಡಿದೆ, ತಲೆಯ ಸೈಜ್ ಅಳೆದ ಹಾಗೆ ಕೇಳಿತು. 'ತಲೆವಾರು' ಪರವಾಗಿಲ್ಲ, ಆದರೆ ಅದೂ ಹಂಚಿದಂತೆಯೇ ಕೇಳುತ್ತದೆ. ಕೊನೆಗೆ ನಮ್ಮ ಜೀಪಿನ ಮಾತು ನೆನಪಾಯಿತು. ಸಂತೆ ದಿನ ಸಕಲೇಶಪುರಕ್ಕೆ ಹತ್ತು ಜನ ಸೇರಿ ಜೀಪು ಮಾಡಿಕೊಂಡು ಹೋಗುತ್ತಾರೆ. ಬಾಡಿಗೆ ಭಾಗ ಮಾಡುವಾಗ ಯಾರೂ ತಲಾ ಅನ್ನಲ್ಲ, "ತಲೆಗೆ ಎಷ್ಟು ಬೀಳುತ್ತೆ?" ಅಂತ ಕೇಳುತ್ತಾರೆ. ಬೀಳುತ್ತೆ ಅಂದಾಗ ಅದು ಇನ್ನೂ ಲೆಕ್ಕ, ಕೈಯಿಂದ ಕೈಗೆ ಹೋದ ದುಡ್ಡಲ್ಲ. ಒಬ್ಬ ಜಾಸ್ತಿ ಕೊಡಬಹುದು, ಇನ್ನೊಬ್ಬ ಮುಂದಿನ ವಾರ ಕೊಡ್ತೀನಿ ಅನ್ನಬಹುದು. ಅದಕ್ಕೇ ಹುಡುಗಿಗೆ, "ಭಾರತದ ಆದಾಯ ತಲೆಗೆ 2 ಲಕ್ಷ ಬೀಳುತ್ತೆ ಅನ್ನು, ಸಿಗುತ್ತೆ ಅನ್ನಬೇಡ" ಅಂದೆ. ಅವಳು ಬರೆದುಕೊಂಡಳು. ಲೆಕ್ಚರರ್ ಒಪ್ಪುತ್ತಾರಾ ಅಂತ ಅವಳಿಗೆ ಅನುಮಾನ. ನನ್ನ ಅನುಮಾನ ಬೇರೆ. ಖರ್ಚು ತಲೆಗೆ ಬೀಳುವುದನ್ನು ಕೇಳಿದ್ದೇನೆ, ಆದಾಯ ತಲೆಗೆ ಬೀಳುವುದನ್ನು ನಮ್ಮ ಕಡೆ ಕೇಳಿಲ್ಲ.

ನಿಮ್ಮ ಕಡೆ ಹೇಗೆ? ಮಂಗಳೂರಿನವರು, ಕಲಬುರಗಿ ಕಡೆಯವರು, ಧಾರವಾಡದವರು ಹೇಳಿ. ಗಳಿಸಿದ್ದನ್ನು ಭಾಗ ಮಾಡಿ ನೋಡುವಾಗ ತಲೆಗೆ ಬೀಳುತ್ತದೋ, ಬರುತ್ತದೋ, ಕೂಡುತ್ತದೋ? ಸೆಮಿನಾರ್ ಶುಕ್ರವಾರ, ಅಷ್ಟರೊಳಗೆ ಯಾರಾದರೂ ಬರೆದರೆ ಉಪಕಾರ.